ಕಪ್ಪೆಚಿಪ್ಪಿನ ಕಿಟಕಿ, ಗಾಜಿನ ಪೆಟ್ಟಿಗೆ

ಗುಂಡಿ ಒತ್ತಿದೊಡನೆ ಮೊದಲು ಬರುವುದು ಸದ್ದು. ಹೊಟ್ಟೆಯೊಳಗಿನಿಂದ ‘ಧೊಮ್’ ಎಂದು ಒಂದೇ ಒಂದು ಗುಡುಗು. ಚಿತ್ರನಳಿಗೆಯ ಸುತ್ತ ಸುತ್ತಿದ ತಂತಿಸುರುಳಿ, ಗಾಜಿನ ಹಿಂದಿನ ತೆಳ್ಳನೆಯ ಲೋಹಕ್ಕೆ ಅಂಟಿದ ಕಾಂತದ ಮೈಲಿಗೆಯನ್ನು ಕೊಡವಿಹಾಕುವ ಸದ್ದು ಅದು. ಬಣ್ಣಗಳು ಮೂಲೆಯಲ್ಲಿ ಕದಡದಿರಲಿ ಎಂದು. ಆಮೇಲೆ ಸೂಜಿಯಷ್ಟು ಸಣ್ಣ ಸಿಳ್ಳು, ಸೆಕೆಂಡಿಗೆ 15,625 ಕಂಪನ. ನನ್ನ ಕಿವಿಗೆ ಈಗ ಅದು ದಕ್ಕುವುದಿಲ್ಲ. ಜೊತೆಗೆ ಬಂದ ಮೊಮ್ಮಗಳು ಪಕ್ಕದ ಕೋಣೆಯಿಂದಲೇ ‘ಅಜ್ಜಾ, ಟಿವಿ ಹಾಕಿದ್ರಾ?’ ಎನ್ನುತ್ತಾಳೆ. ಕೊನೆಗೆ, ಏನೂ ಅವಸರವಿಲ್ಲದಂತೆ, ಕತ್ತಲೆಯೊಳಗಿಂದ ಚಿತ್ರ ಮೆಲ್ಲಗೆ ಮೇಲೇಳುತ್ತದೆ.

ಈ ಸುಖ ನನಗೆ ಸಿಗುವುದು ಮಡಗಾಂವ್‌ನ ಒಂದು ಹಳೆಯ ಮನೆಯಲ್ಲಿ. ಯಜಮಾನರು ತಾರ್ವಟಿ, ಅಂದರೆ ಗೋವೆಯವರು ಹಡಗಿನ ನೌಕರರನ್ನು ಕರೆಯುವ ಹೆಸರು. ನಾನು ವಾಸ್ಕೋದ ಕನ್ನಡದವನು, ಅವರಿಗೆ ನಾನೂ ‘ಪಾತ್ರಾಂವ್’, ಅಂದರೆ ಧಣಿ, ನನಗೆ ಅವರೂ ‘ಪಾತ್ರಾಂವ್’. ಮುಂದೆ ಬಾಲ್ಕಾಂವ್ ಎಂಬ ಕಲ್ಲುಬೆಂಚಿನ ಜಗಲಿ, ಒಳಗೆ ಸಾಲಾ ಎಂಬ ಹಜಾರ. ಅಲ್ಲಿನ ಕಿಟಕಿಗೆ ಗಾಜಿಲ್ಲ, ಸಾಲುಸಾಲಾಗಿ ಕೂರಿಸಿದ ಕಪ್ಪೆಚಿಪ್ಪು. ಅದರಿಂದ ಸೋಸಿ ಬರುವ ಬೆಳಕು ಹಾಲಿನ ಕೆನೆಯಂತಹುದು. ಪರದೆಯ ಮೇಲೆ ಎಲ್ಲಿಯೂ ಚುಚ್ಚುವುದಿಲ್ಲ. ಟಿವಿ ನೋಡಲೆಂದೇ ಯಾರೋ ಮುನ್ನೂರು ವರ್ಷ ಮೊದಲೇ ಕಂಡುಹಿಡಿದಿಟ್ಟಂತೆ.

ಪೆಟ್ಟಿಗೆ ಸೋನಿ ಟ್ರಿನಿಟ್ರಾನ್. 1968ರಲ್ಲಿ ಹುಟ್ಟಿದ ಆ ತಂತ್ರಕ್ಕೆ 1973ರಲ್ಲಿ ಎಮ್ಮಿ ಪ್ರಶಸ್ತಿ ಬಂತು. ನಟರಿಗೆ ಕೊಡುವ ಗೌರವ ಒಂದು ಗಾಜಿನ ನಳಿಗೆಗೆ! ಬೇರೆ ಟಿವಿಗಳ ಪರದೆ ದೋಸೆಕಾವಲಿಯ ಹಿಂಬದಿಯಂತೆ ಎಲ್ಲ ಕಡೆಗೂ ಉಬ್ಬಿರುತ್ತಿದ್ದರೆ, ಇದು ಕಂಬದಿಂದ ಸೀಳಿ ತೆಗೆದ ಹೋಳಿನಂತೆ: ಅಡ್ಡಕ್ಕೆ ಬಾಗು, ಉದ್ದಕ್ಕೆ ನೇರ. ಬಣ್ಣ ಬೀಳುವ ಜಾಗ ಚುಕ್ಕೆಗಳದ್ದಲ್ಲ. ಕೆಂಪು, ಹಸಿರು, ನೀಲಿ ಎಳೆಗಳು ಸೀರೆಯ ಹಾಸಿನಂತೆ ಮೇಲಿಂದ ಕೆಳಗೆ ಇಳಿಬಿಟ್ಟಿವೆ. ಅವುಗಳ ಹಿಂದೆ ವೀಣೆಯ ತಂತಿಯಷ್ಟು ಬಿಗಿದ ಲೋಹದ ಪಟ್ಟಿಗಳು. ಪಕ್ಕದಲ್ಲಿ ಬೆರಳಿನಿಂದ ಮೆಲ್ಲಗೆ ತಟ್ಟಿ ನೋಡಿ. ಚಿತ್ರ ಕೆರೆಯ ನೀರಿನಂತೆ ಒಮ್ಮೆ ನಡುಗಿ, ನಿಲ್ಲುತ್ತದೆ. ಆ ಪಟ್ಟಿಗಳು ಅದುರದಂತೆ ಅಡ್ಡಕ್ಕೊಂದು ಕೂದಲೆಳೆಯ ತಂತಿಯಿದೆ, ದೊಡ್ಡ ಪರದೆಯಾದರೆ ಎರಡು. ಬಿಳಿಯ ದೃಶ್ಯ ಬಂದಾಗ ಅದರ ನೆರಳು ನಸುವಾಗಿ ಕಾಣುತ್ತದೆ. ಅಂಗಡಿಯವನಿಗೆ ಅದು ಗಿರಾಕಿಗೆ ವಿವರಿಸಬೇಕಾದ ತಲೆನೋವು. ನನಗೋ, ಕೈಮಗ್ಗದ ಬಟ್ಟೆಯಲ್ಲಿ ಸಿಕ್ಕುವ ಗಂಟು.

ಇದನ್ನು ತರುವುದಕ್ಕೂ ಜಾಣತನ ಬೇಕಿತ್ತು. ಜಪಾನಿನ ಬಂದರಿನಲ್ಲಿ ಕಣ್ಣಿಗೆ ಬಿದ್ದದ್ದನ್ನು ಹೊತ್ತು ತಂದವರು ಇಲ್ಲಿ ಬಂದು ಪೆಚ್ಚಾದರು. ಅಲ್ಲಿ 525 ಗೆರೆ, 100 ವೋಲ್ಟ್. ಇಲ್ಲಿ ದೂರದರ್ಶನದ್ದು 625 ಗೆರೆ, ಗೋಡೆಯಲ್ಲಿ 230 ವೋಲ್ಟ್. ಪಾತ್ರಾಂವ್ ಮಲ್ಟಿಸಿಸ್ಟಂ ಸೆಟ್ಟನ್ನೇ ಹುಡುಕಿ ತಂದರು. 1982ರ ದೆಹಲಿ ಏಷ್ಯಾಡಿನೊಂದಿಗೆ ನಮ್ಮ ದೇಶದ ಟಿವಿಗೆ ಬಣ್ಣ ಬಂದಿತ್ತಾದರೂ ವಾಸ್ಕೋದ ನಮ್ಮ ಚಾಳಿನಲ್ಲಿ 1987ರ ‘ರಾಮಾಯಣ’ವೂ ಕಪ್ಪುಬಿಳುಪೇ. ಕೀಲಿ ತೆಗೆದು ಮರದ ಶಟರ್ ಸರಿಸುವ ಪೆಟ್ಟಿಗೆ, ಮುಂದೆ ನೆಲದ ಮೇಲೆ ವಿಜಯಪುರ, ಬಾಗಲಕೋಟೆಯಿಂದ ಬಂದ ಮನೆಮಂದಿ. ಆ ಶಟರಿನ ಪಟ್ಟಿಗಳು ಒಂದರ ಹಿಂದೊಂದು ಮೂಲೆ ತಿರುಗುವಾಗಿನ ಟಕಟಕ ನನಗೆ ಇನ್ನೂ ಕೈಬೆರಳಿನಲ್ಲಿದೆ.

ಬಾಳಿಕೆಯ ಮಾತಿಗೆ ಬಂದರೆ, ಗೋವೆ ಎಲೆಕ್ಟ್ರಾನಿಕ್ಸ್‌ಗೆ ಸವತಿ ಮನೆ. ಉಪ್ಪುಗಾಳಿ ತಾಮ್ರವನ್ನು ಹಸಿರು ಮಾಡುತ್ತದೆ. ಜೂನ್ ಬಂತೆಂದರೆ ಗೋಡೆಯೇ ಬೆವರುತ್ತದೆ. ಒಳಗೋ, 25,000 ವೋಲ್ಟಿನ ಹತ್ತಿರದ ಒತ್ತಡ. ತೇವ ಸಿಕ್ಕಿತೋ, ಅದು ಹಾವಿನಂತೆ ಬುಸುಗುಟ್ಟಿ ಓಜೋನಿನ ಘಾಟು ಬಿಡುತ್ತದೆ. ಪಾತ್ರಾಂವ್ ಮಳೆಗಾಲದಲ್ಲಿ ದಿನಕ್ಕೊಂದು ಗಂಟೆ, ಯಾರೂ ನೋಡದಿದ್ದರೂ, ಟಿವಿ ಉರಿಸುತ್ತಾರೆ. ‘ಅದಕ್ಕೂ ಮೈ ಬೆಚ್ಚಗಾಗಬೇಡವೇ?’ ಎನ್ನುತ್ತಾರೆ. ಆ ಬಿಸಿಗೆ ತೇವ ಆರುತ್ತದೆ. ಗುಡುಗಿದರೆ ಆಂಟೆನಾದ ವೈರು ಕಿತ್ತಿಡುವುದು ಇಂದಿಗೂ ಅವರ ಕೈಗೆ ರೂಢಿ, ಆಂಟೆನಾ ಹೋಗಿ ವರ್ಷಗಳಾದರೂ. ಈಗ ಕೀಳುವುದು ಸೆಟ್‌ಟಾಪ್ ಬಾಕ್ಸಿನ ವೈರು.

ಇಷ್ಟು ವರ್ಷಗಳಲ್ಲಿ ಅದರ ಬೆನ್ನು ಬಿಚ್ಚಿದ್ದು ಮೂರು ಸಲ. ಒಂದು ಸಲ ನಾನೂ ಇದ್ದೆ. ಮೆಕ್ಯಾನಿಕ್ ಕುಂಚದಿಂದ ಧೂಳು ಸರಿಸಿದಾಗ ಕಂಡ ಆ ಊರು! ಉದ್ದ ಕಾಲಿನ ರೆಸಿಸ್ಟರುಗಳು, ಕೊಡದಂತೆ ಕುಳಿತ ಕಂಡೆನ್ಸರುಗಳು, ಒಂದಕ್ಕೊಂದು ತಾಗದಂತೆ ಬಿಟ್ಟ ಓಣಿಗಳು, ಪ್ರತಿಯೊಂದರ ಪಕ್ಕ ಅಚ್ಚೊತ್ತಿದ ಮನೆನಂಬರು. ಕಂಡೆನ್ಸರಿಗೆ ಶತ್ರು ಬಿಸಿ. ಹತ್ತು ಡಿಗ್ರಿ ಏರಿದರೆ ಆಯುಷ್ಯ ಅರ್ಧವಾಗುತ್ತದೆಂಬುದು ಕಸಬಿನವರ ಲೆಕ್ಕ. ಇಲ್ಲಿ ಗಾಳಿಯಾಡಲು ಎಷ್ಟೊಂದು ಜಾಗ! ಒಂದು ಉಬ್ಬಿದ್ದನ್ನು ಕಿತ್ತು, ಹೊಸದನ್ನು ಇಟ್ಟು, ಸೀಸ ಕಾಸಿದ. ರಾಳದ ಹೊಗೆ ಧೂಪದಂತೆ ಎದ್ದಿತು.

ನಮ್ಮ ಮನೆಯ ಚಪ್ಪಟೆ ಟಿವಿ ಮೂರನೆಯ ಮಳೆಗಾಲಕ್ಕೇ ಕಣ್ಣುಮುಚ್ಚಿತು. ಒಳಗಿನ ದೀಪದ ಪಟ್ಟಿ ಹೋಗಿತ್ತು, ಅಷ್ಟೆ. ಅದನ್ನು ತಲುಪಲು ಹಪ್ಪಳದಷ್ಟು ತೆಳ್ಳನೆಯ ಗಾಜನ್ನು ಎತ್ತಬೇಕು. ಎತ್ತುವ ಧೈರ್ಯ ಯಾರಿಗೂ ಇರಲಿಲ್ಲ. ಹೊಸತನ್ನು ನಾನು ಜರೆಯುವವನಲ್ಲ. ಮಗನ ಮನೆಯ ಓಎಲ್‌ಇಡಿ ಪರದೆಯ ಕಪ್ಪು ನೋಡಿ ಮೂಕನಾಗಿದ್ದೇನೆ. ಕಾಡಿಗೆ ಡಬ್ಬಿಯೊಳಗೆ ಇಣುಕಿದಂತಿರುತ್ತದೆ ಅದು. ಆದರೆ ಟ್ರಿನಿಟ್ರಾನಿನಲ್ಲಿ ಹಳೆಯ ಸಿನಿಮಾ ಓಡುವಾಗ ಮುಖದ ಮೇಲಿನ ನೆರಳು ಒಳಗಿನಿಂದ ಬೆಳಗುತ್ತದೆ. ಗೆರೆಯೂ ಗೆರೆಯೂ ಸೇರುವಲ್ಲಿ ಮೆತ್ತನೆಯ ಒಂದು ಅಂಚು. ರೇಷ್ಮೆಯ ಮೇಲೆ ಬರೆದಂತೆ.

ಸಂಜೆ ಪಾತ್ರಾಂವ್ ಟಿವಿ ಆರಿಸುತ್ತಾರೆ. ಅವರ ಹೆಂಡತಿ ತಾವೇ ಹೆಣೆದ ಕ್ರೋಶಾ ಹೊದಿಕೆ ಹಿಡಿದು ಕಾಯುತ್ತಾರೆ, ನಾನು ಏಳುವವರೆಗೆ. ಗೊತ್ತು ಅವರಿಗೆ. ನಾನು ಎದ್ದು, ಇನ್ನೂ ಬೆಚ್ಚಗಿರುವ ಗಾಜಿನ ಹತ್ತಿರ ಮುಂಗೈ ಒಯ್ಯುತ್ತೇನೆ. ಚಟಚಟ ಎಂದು, ನರೆತ ಕೂದಲೆಲ್ಲ ಒಂದೊಂದಾಗಿ ಎದ್ದು ನಿಲ್ಲುತ್ತವೆ.