ಬೆಳಕಿನ ಲೆಕ್ಕ, ನಿಲುವಿನ ಪ್ರಶ್ನೆ

ಛಾಯಾಗ್ರಹಣವನ್ನು ಪಠ್ಯವಾಗಿ ಕಲಿಸುವ ಕಾಲೇಜುಗಳಲ್ಲಿ ವಿದ್ಯಾರ್ಥಿಗಳಿಗೆ ಆರಂಭದಲ್ಲಿ ವಹಿಸುವ ಪ್ರಯೋಗಗಳು ಸಾಮಾನ್ಯವಾಗಿ ಮೂರು ಬಗೆಯವು: ಮಸೂರದೊಳಗಿನ ಬೆಳಕಿನ ಕಿಂಡಿಯಾದ ಅಪರ್ಚರ್ ಅನ್ನು ಹಿಗ್ಗಿಸಿ ಕುಗ್ಗಿಸುವುದು, ಬೆಳಕು ಎಷ್ಟು ಹೊತ್ತು ಒಳಬರಬೇಕೆಂಬುದನ್ನು ನಿಯಂತ್ರಿಸುವ ಶಟರ್ ವೇಗವನ್ನು ಬದಲಿಸುವುದು, ಮತ್ತು ನೋಡುವ ಕೋನವನ್ನು ಬದಲಿಸುವುದು. ಇವುಗಳ ಫಲವಾದ ಚಿತ್ರಗಳಲ್ಲಿ ಮೊದಲೆರಡರ ಮೇಲಿನ ಹಿಡಿತ ಎದ್ದು ಕಾಣುವಷ್ಟು ಮೂರನೆಯದರ ಬಗೆಗಿನ ವಿಚಾರ ಕಾಣುವುದಿಲ್ಲ.

ಮೊದಲೆರಡು ಅಂಕಿಗಳಿಗೆ ಒಗ್ಗುತ್ತವೆ ಎಂಬುದೇ ಇದಕ್ಕೆ ಮುಖ್ಯ ಕಾರಣ. ಅಪರ್ಚರ್‌ನ ಅಳತೆ ಎಫ್/8 ಇದ್ದಾಗ (ಈ ಸಂಖ್ಯೆ ದೊಡ್ಡದಾದಷ್ಟೂ ಕಿಂಡಿ ಚಿಕ್ಕದು) ಸೆಕೆಂಡಿನ 1/125 ಭಾಗದಷ್ಟು ಕಾಲ ಬಿದ್ದಷ್ಟೇ ಬೆಳಕು ಎಫ್/2.8ರಲ್ಲಿ 1/1000 ಭಾಗದಲ್ಲಿಯೂ, ಎಫ್/16ರಲ್ಲಿ 1/30 ಭಾಗದಲ್ಲಿಯೂ ಬೀಳುತ್ತದೆ; ಬೆಳಕಿನ ಮೊತ್ತ ಒಂದೇ ಆದರೂ ಚಿತ್ರಗಳು ಒಂದೇ ಆಗುವುದಿಲ್ಲ. ಕಂಬಳದ ಕರೆಯಲ್ಲಿ, ಎಂದರೆ ಕೋಣಗಳು ಓಡುವ ಕೆಸರಿನ ಹಾದಿಯಲ್ಲಿ, 1/1000ಕ್ಕೆ ಸೆರೆಹಿಡಿದ ಕೋಣಗಳ ಸುತ್ತ ಕೆಸರುನೀರಿನ ಹನಿಹನಿಯೂ ಗಾಳಿಯಲ್ಲಿ ನಿಲ್ಲುತ್ತದೆ, ಅದರೊಡನೆ ಓಟವೂ ನಿಂತುಬಿಡುತ್ತದೆ. 1/30ಕ್ಕೆ ಇಳಿಸಿ, ಕೋಣಗಳ ವೇಗಕ್ಕೆ ಸರಿಯಾಗಿ ಕ್ಯಾಮೆರಾವನ್ನೂ ತಿರುಗಿಸುವ ಪ್ಯಾನಿಂಗ್ ಕ್ರಮವನ್ನು ಅನುಸರಿಸಿದರೆ ಓಟ ಉಳಿಯುತ್ತದೆಯಾದರೂ ಓಡಿಸುವವನ ಮುಖದ ವಿವರ ಅಳಿಸಿಹೋಗಬಹುದು. ವಿದ್ಯಾರ್ಥಿ ಯಾವುದನ್ನು ಉಳಿಸಿಕೊಳ್ಳಲು ಯಾವುದನ್ನು ಬಿಟ್ಟುಕೊಟ್ಟ ಎಂಬುದು ಮೌಲ್ಯಮಾಪನದ ಪ್ರಶ್ನೆಯಾಗಬೇಕಿತ್ತು. ನಿಧಾನ ಶಟರ್ ವೇಗದಿಂದ ಹಾಲಿನಂತೆ ಹರಿಯುವ ಜಲಪಾತದ ಚಿತ್ರಗಳಿಗೆ ಸಿಗುವ ಧಾರಾಳ ಅಂಕಗಳನ್ನು ಕಂಡರೆ, ಗುಂಡಿ ತಿರುಗಿಸಲು ಬಂದರೆ ಸಾಕೆಂಬ ಭಾವನೆ ಪರೀಕ್ಷಕರಲ್ಲಿಯೂ ಇರುವಂತಿದೆ.

ಕೋನದ ವಿಷಯದಲ್ಲಿ ಗೊಂದಲ ಇನ್ನೂ ಆಳವಾದುದು. ಸಮೀಪದ ಮತ್ತು ದೂರದ ವಸ್ತುಗಳ ಗಾತ್ರದ ಸಂಬಂಧವೇ ಚಿತ್ರದ ಪರ್ಸ್ಪೆಕ್ಟಿವ್. ಅದನ್ನು ನಿರ್ಧರಿಸುವುದು ಕ್ಯಾಮೆರಾ ನಿಂತ ಜಾಗವೇ ಹೊರತು ಮಸೂರವಲ್ಲ. ನಿಂತಲ್ಲೇ ನಿಂತು ಜೂಮ್ ಮಾಡಿದರೆ ದೃಶ್ಯದ ಅಂಚುಗಳು ಕತ್ತರಿಸಿಹೋಗುತ್ತವೆ, ಸಂಬಂಧ ಹಾಗೆಯೇ ಉಳಿಯುತ್ತದೆ. ಜಾಗದ ಆಯ್ಕೆ ಒಂದು ನಿಲುವೂ ಆಗಬಲ್ಲದು: 1925ರ ಸುಮಾರಿಗೆ ಮಾಸ್ಕೋದಲ್ಲಿ ರಷ್ಯಾದ ಛಾಯಾಗ್ರಾಹಕ ಅಲೆಕ್ಸಾಂಡರ್ ರೋದ್ಚೆಂಕೊ ಕಟ್ಟಡವೊಂದರ ಬಾಲ್ಕನಿಗಳನ್ನು ನೇರ ಕೆಳಗಿನಿಂದ ಚಿತ್ರಿಸಿದುದು ಹೊಟ್ಟೆಯ ಮಟ್ಟದಲ್ಲಿ ಕ್ಯಾಮೆರಾ ಹಿಡಿಯುವ ಅಂದಿನ ರೂಢಿಗೆ ಎದುರಾಗಿ. ಅದಕ್ಕಾಗಿ ಅವನು ಕೇವಲ ರೂಪದ ಚಮತ್ಕಾರ ಮಾಡುತ್ತಾನೆಂಬ ಆರೋಪವನ್ನೂ ಎದುರಿಸಬೇಕಾಯಿತು. ನೆಲಕ್ಕೆ ಮಲಗಿ ಮೇಲ್ಮುಖವಾಗಿ ತೆಗೆಯುವುದು ಇಂದು ತಾನೇ ರೂಢಿಯಾಗಿರುವಾಗ, ಅದನ್ನು ಪ್ರಯೋಗವೆಂದು ಒಪ್ಪುವುದು ಕಷ್ಟ.

ಇದಕ್ಕಿಂತ ಸಪ್ಪೆಯಾಗಿ ತೋರುವ ಒಂದು ಅಭ್ಯಾಸ ಹೆಚ್ಚು ಕಲಿಸೀತು: ಒಬ್ಬ ವ್ಯಕ್ತಿಯ ಮುಖವನ್ನು ಎರಡು ಅಡಿ ದೂರದಿಂದ 24 ಮಿ.ಮೀ. ಮಸೂರದಲ್ಲಿಯೂ, ಚೌಕಟ್ಟಿನಲ್ಲಿ ಅದೇ ಗಾತ್ರ ಬರುವಂತೆ ಹಿಂದೆ ಸರಿದು 200 ಮಿ.ಮೀ. ಮಸೂರದಲ್ಲಿಯೂ ತೆಗೆದು ಪಕ್ಕಪಕ್ಕದಲ್ಲಿಟ್ಟರೆ, ಮೊದಲನೆಯದರಲ್ಲಿ ಮೂಗು ಮುಂದೆ ಬಂದು ಬೆನ್ನ ಹಿಂದಿನ ಗುಡ್ಡ ಕಿರಿದಾಗಿರುತ್ತದೆ, ಎರಡನೆಯದರಲ್ಲಿ ಅದೇ ಗುಡ್ಡ ಭುಜಕ್ಕೆ ತಾಗುವಷ್ಟು ಹತ್ತಿರ ನಿಂತಿರುತ್ತದೆ. ಈ ವ್ಯತ್ಯಾಸವನ್ನು ತಂದದ್ದು ಮಸೂರವಲ್ಲ, ಹಿಂದೆ ಸರಿದು ನಿಂತ ಜಾಗ.