ನಾದಯಂತ್ರವೂ ಜಾಲಪುಟದ ಫಲಕವೂ

ವಿದ್ಯುತ್ತಿನಿಂದ ನಾದವನ್ನು ಕಟ್ಟುವ ಸಿಂಥಸೈಸರಿನ ಇತಿಹಾಸವು ಒಂದರ್ಥದಲ್ಲಿ ಕೈಗೂ ನಾದಕ್ಕೂ ನಡುವಣ ದೂರದ ಇತಿಹಾಸ. 1970ರ ಮಿನಿಮೂಗ್‌ನಲ್ಲಿ ಗುಣಕ್ಕೊಂದು ತಿರುಪು. ವಾದಕನು ತಿರುಗಿಸಿದುದನ್ನೇ ಕೇಳುತ್ತಿದ್ದನು. 1983ರ ಯಮಾಹಾ ಡಿಎಕ್ಸ್7ರಲ್ಲಿ ಆರು ಆಪರೇಟರುಗಳೂ 32 ಜೋಡಣೆಗಳೂ ಸೇರಿ ನಾದಸಂಪತ್ತು ಹಿಗ್ಗಿತು. ಆದರೆ ಅದನ್ನೆಲ್ಲ ಎರಡು ಸಾಲಿನ ಕಿರುಪರದೆಯಲ್ಲಿ ಒಂದೊಂದಾಗಿ ಇಣುಕಿ ನೋಡಬೇಕಾಯಿತು. ಬಹುಮಂದಿ ಕಾರ್ಖಾನೆಯು ತುಂಬಿಕೊಟ್ಟ ನಾದಗಳಲ್ಲಿಯೇ ತೃಪ್ತರಾದುದು ಆಶ್ಚರ್ಯವಲ್ಲ.

ಈ ಕೊರತೆಯನ್ನು ಜಾಲಪುಟದ ಫಲಕವು ನೀಗಿಸಿದೆ. 2015ರಲ್ಲಿ ಕ್ರೋಮ್ ಬ್ರೌಸರು ವೆಬ್ ಮಿಡಿಯನ್ನು ಅಳವಡಿಸಿಕೊಂಡಂದಿನಿಂದ, ಪುಟವು ಬಳಕೆದಾರನ ಅನುಮತಿ ಪಡೆದು ವಾದ್ಯದೊಡನೆ ಸಂಭಾಷಿಸಬಲ್ಲುದು. ನಾದದ ಏರಿಳಿತವು ರೇಖೆಯಾಗಿ ಕಣ್ಣಿಗೆ ಕಾಣುತ್ತದೆ. ಈ ಉಪಕಾರ ಸಣ್ಣದಲ್ಲ.

ಆದರೂ ಎರಡು ಆಕ್ಷೇಪಗಳು ಉಳಿಯುತ್ತವೆ. ಅನೇಕ ವೇಳೆ ಪರದೆಯು ತೋರುವುದು ಪುಟವು ಕೊನೆಗೆ ಕಳುಹಿಸಿದ ಆಜ್ಞೆಯನ್ನೇ ಹೊರತು ವಾದ್ಯದ ಸ್ಥಿತಿಯನ್ನಲ್ಲ. ವಾದ್ಯದ ತಿರುಪನ್ನು ಯಾರಾದರೂ ಮುಟ್ಟಿ, ವಾದ್ಯವು ಅದನ್ನು ಪುಟಕ್ಕೆ ಅರುಹದಿದ್ದರೆ, ಕಣ್ಣು ಹೇಳುವುದೊಂದು, ಕಿವಿ ಕೇಳುವುದಿನ್ನೊಂದು. ಆದುದರಿಂದ ಉತ್ತಮ ಫಲಕವು ಮೊದಲು ವಾದ್ಯವನ್ನು ಓದಬೇಕು, ಅನಂತರ ಅದಕ್ಕೆ ಬರೆಯಬೇಕು.

ಎರಡನೆಯದು ಇನ್ನೂ ಗುರುತರವಾದುದು. ಫಲಕವಿಲ್ಲದೆ ಹೊಂದಿಸಲಾಗದ ವಾದ್ಯವು ಮನೆಯಲ್ಲಿದ್ದರೂ ಅದರ ಕೀಲಿಕೈ ಅನ್ಯರ ಸರ್ವರಿನಲ್ಲಿರುತ್ತದೆ. ಪುಟ ಅಳಿದರೆ ವಾದ್ಯ ಅರೆಮೂಕ. ಡಿಎಕ್ಸ್7 ಹುಟ್ಟಿದಾಗ ಜಾಲವೇ ಇರಲಿಲ್ಲ. ಆದರೂ ಅದು ಇಂದಿನ ಪುಟಗಳೊಡನೆ ಮಾತನಾಡುತ್ತದೆ, ಏಕೆಂದರೆ ಅದರ ಸಂದೇಶಗಳ ವ್ಯಾಕರಣವು ಅಚ್ಚಾಗಿ ಎಲ್ಲರ ಕೈಗೆ ದೊರೆತಿದೆ. ಯಾವ ಫಲಕವನ್ನಾದರೂ ತೂಗುವಾಗ ಅದರ ಅಂದಕ್ಕಿಂತ ಮೊದಲು ವಿಚಾರಿಸತಕ್ಕದ್ದು, ಆ ವ್ಯಾಕರಣ ಪ್ರಕಟವಾಗಿದೆಯೇ ಎಂಬುದನ್ನು.