ಕವಿಚರ್ಯೆಯೂ ಶಿಲ್ಪಿಯ ಕೈಯೂ: ಹರಿಹರದ ದೇವಾಲಯವನ್ನು ನಿಮಿತ್ತವಾಗಿಟ್ಟುಕೊಂಡು ಒಂದು ವಿಮರ್ಶೆ

ಕಾವ್ಯಕ್ಕೆ ಹೇತುವಾವುದೆಂಬ ಪ್ರಶ್ನೆಗೆ ಆಲಂಕಾರಿಕರು ಕೊಟ್ಟಿರುವ ಉತ್ತರಗಳಲ್ಲಿ ಮಮ್ಮಟನದು ನಮ್ಮ ಪಾಠಶಾಲೆಗಳಲ್ಲಿ ಹೆಚ್ಚು ಪ್ರಚಾರದಲ್ಲಿದೆ. ಶಕ್ತಿ, ನಿಪುಣತೆ, ಅಭ್ಯಾಸ ಇವು ಮೂರೂ ಕೂಡಿ ಒಂದೇ ಹೇತುವಾಗುವುವೇ ಹೊರತು ಬೇರೆಬೇರೆಯಾದ ಮೂರು ಹೇತುಗಳಲ್ಲವೆಂಬುದು ಆತನ ಮತ. ಈ ಮತವನ್ನು ನಾವು ಬಾಯಲ್ಲಿ ಹೇಳುತ್ತೇವೆ, ವ್ಯವಹಾರದಲ್ಲಿ ಪಾಲಿಸುವುದಿಲ್ಲ. ಕವಿಯನ್ನು ಹೊಗಳಬೇಕಾದಾಗ ಆತನ ಪ್ರತಿಭೆಯನ್ನು ಹೊಗಳುತ್ತೇವೆ. ತೆಗಳಬೇಕಾದಾಗ ಆತನು ಅಭ್ಯಾಸಬಲದಿಂದ ಬರೆದವನೆನ್ನುತ್ತೇವೆ. ಹೀಗೆ ಹೇತುತ್ರಯದಲ್ಲಿ ಒಂದು ಗುಣವಾಗಿಯೂ ಮತ್ತೊಂದು ದೋಷವಾಗಿಯೂ ಪರಿಣಮಿಸಿಬಿಟ್ಟಿವೆ. ಅಭ್ಯಾಸವೆಂದರೆ ಜಡವಾದ ಪುನರಾವೃತ್ತಿಯೋ, ಅಥವಾ ಅದರೊಳಗೇ ಒಂದು ವಿವೇಕವುಂಟೋ ಎಂಬುದನ್ನು ಈ ಲೇಖನದಲ್ಲಿ ವಿಚಾರಮಾಡಬೇಕೆಂದಿದ್ದೇವೆ. ಕೈಗೆಲಸದವರ ಶಾಲೆಯನ್ನು ಹೊಕ್ಕು ನೋಡದೆ ಈ ವಿಚಾರವು ತೀರ್ಮಾನವಾಗದೆಂದು ನಮ್ಮ ಅಭಿಪ್ರಾಯ.

ಕವಿಯು ಕೆಲಸಮಾಡುವ ಮನೆಯನ್ನೂ ಹೊತ್ತನ್ನೂ ಕುರಿತು ವಿಸ್ತಾರವಾಗಿ ಬರೆದವನು ರಾಜಶೇಖರ. ಕ್ರಿ. ಶ. 900ರ ಸುಮಾರಿನಲ್ಲಿ ಕನ್ಯಾಕುಬ್ಜದ ಪ್ರತೀಹಾರರ ಆಸ್ಥಾನದಲ್ಲಿದ್ದ ಈತನ ಕಾವ್ಯಮೀಮಾಂಸೆಯಲ್ಲಿ ಕವಿರಹಸ್ಯವೆಂಬ ಮೊದಲನೆಯ ಅಧಿಕರಣವು ಮಾತ್ರ ನಮಗೆ ದೊರೆತಿದೆ. 1916ರಲ್ಲಿ ಬಡೋದೆಯ ಗಾಯಕವಾಡ ಪ್ರಾಚ್ಯಗ್ರಂಥಮಾಲೆಯ ಪ್ರಥಮ ಪುಷ್ಪವಾಗಿ ಅದು ಅಚ್ಚಾಯಿತು. ಅದರ ಹತ್ತನೆಯ ಅಧ್ಯಾಯದಲ್ಲಿ ಕವಿಚರ್ಯೆಯ ವರ್ಣನೆಯಿದೆ. ಕವಿಯ ಮನೆ ಶುಚಿಯಾಗಿರಬೇಕು. ಆರು ಋತುಗಳಿಗೂ ತಕ್ಕ ಸ್ಥಾನಗಳು ಅದರಲ್ಲಿರಬೇಕು. ಹಲಗೆ, ಬಳಪ, ಲೇಖನಿ, ಮಸಿ, ತಾಳೆಯೋಲೆ, ಭೂರ್ಜಪತ್ರ, ಕಬ್ಬಿಣದ ಕಂಟ, ನುಣುಪಾಗಿ ಒರಸಿದ ಗೋಡೆ ಇವೆಲ್ಲವೂ ಆತನ ಹತ್ತಿರವಿರಬೇಕು. ಹಗಲಿನ ಮೊದಲನೆಯ ಯಾಮದಲ್ಲಿ ವಿದ್ಯಾಭ್ಯಾಸ, ಎರಡನೆಯದರಲ್ಲಿ ಕಾವ್ಯರಚನೆ, ಊಟವಾದಮೇಲೆ ಮೂರನೆಯದರಲ್ಲಿ ಕಾವ್ಯಗೋಷ್ಠಿ, ನಾಲ್ಕನೆಯದರಲ್ಲಿ ಬೆಳಗ್ಗೆ ಬರೆದುದರ ಪರೀಕ್ಷೆ. ರಸಾವೇಶದಲ್ಲಿ ಬರೆಯುತ್ತಿರುವಾಗ ವಿವೇಚನೆಯ ದೃಷ್ಟಿಯಿರುವುದಿಲ್ಲವಾದಕಾರಣ, ಆವೇಶಕ್ಕೆ ಒಂದು ಹೊತ್ತನ್ನೂ ವಿವೇಚನೆಗೆ ಮತ್ತೊಂದು ಹೊತ್ತನ್ನೂ ಆತನು ವಿಭಾಗಿಸಿಕೊಟ್ಟನು. ಆ ಪರೀಕ್ಷೆಯಲ್ಲಿ ಮಾಡತಕ್ಕ ಕೆಲಸಗಳು ನಾಲ್ಕು: ಹೆಚ್ಚಾದುದನ್ನು ತೆಗೆಯುವುದು, ಕಡಮೆಯಾದುದನ್ನು ತುಂಬುವುದು, ಸ್ಥಾನತಪ್ಪಿದುದನ್ನು ಬದಲಾಯಿಸುವುದು, ಮರೆತುದನ್ನು ನೆನೆದು ಸೇರಿಸುವುದು.

ಅಭ್ಯಾಸದ ಸ್ವರೂಪವನ್ನು ಇಷ್ಟು ಸ್ಪಷ್ಟವಾಗಿ ಹೇಳಿದ್ದಕ್ಕಾಗಿ ರಾಜಶೇಖರನಿಗೆ ನಾವು ಋಣಿಗಳು. ಆದರೂ ಆತನ ಪ್ರತಿಪಾದನೆಯಲ್ಲಿ ಒಂದು ನ್ಯೂನತೆಯುಂಟು. ಸಕಲಭಾಷೆಗಳನ್ನೂ ಬಲ್ಲ, ಅಂದವಾದ ಅಕ್ಷರವುಳ್ಳ ಒಬ್ಬ ಲೇಖಕನನ್ನು ಆತನು ಕವಿಗೆ ಪರಿವಾರವಾಗಿ ಕೊಡುತ್ತಾನೆ. ಬರೆಯುವ ಕೈ ಇನ್ನೊಬ್ಬರದಾದಮೇಲೆ ಕೈಗೂ ಮನಸ್ಸಿಗೂ ಇರುವ ಸಂಬಂಧವನ್ನು ಕುರಿತು ಹೇಳುವ ಪ್ರಸಂಗವೇ ಆತನಿಗೆ ಬರಲಿಲ್ಲ. ಈ ಕೊರತೆಯನ್ನು ತುಂಬಿಕೊಳ್ಳಲು ನಾವು ಆಸ್ಥಾನವನ್ನು ಬಿಟ್ಟು ಶಿಲ್ಪಶಾಲೆಗೆ ಬರಬೇಕು. ಅದಕ್ಕೆ ನಮ್ಮ ಹರಿಹರಕ್ಕಿಂತ ಯೋಗ್ಯವಾದ ಸ್ಥಳವು ದೂರದಲ್ಲಿಲ್ಲ.

ತುಂಗಭದ್ರಾತೀರದ ಹರಿಹರೇಶ್ವರ ದೇವಾಲಯವನ್ನು ಹೊಯ್ಸಳ ಇಮ್ಮಡಿ ನರಸಿಂಹನ ಕಾಲದಲ್ಲಿ, ಕ್ರಿ. ಶ. 1224ರ ಸುಮಾರಿಗೆ, ಆತನ ಮಂತ್ರಿಯೂ ದಂಡನಾಥನೂ ಆದ ಪೋಲಾಳ್ವನು ಕಟ್ಟಿಸಿದನು. 1268ರಲ್ಲಿ ಮುಮ್ಮಡಿ ನರಸಿಂಹನ ದಂಡನಾಯಕನಾದ ಸೋಮನು ಅದನ್ನು ಇನ್ನಷ್ಟು ವಿಸ್ತರಿಸಿದನು; ಸೋಮನಾಥಪುರದ ಕೇಶವಾಲಯವನ್ನು ಕಟ್ಟಿಸಿದವನೂ ಈ ಸೋಮನೇ. ಪೋಲಾಳ್ವನು ಕೇವಲ ದಂಡನಾಥನಲ್ಲ. ಹರಿಚಾರಿತ್ರವೆಂಬ ಕಾವ್ಯವನ್ನು ರಚಿಸಿದ ಕವಿಯೆಂದೂ ಪ್ರಸಿದ್ಧನು. ಆದಕಾರಣ ಕಾವ್ಯರಚನೆ, ಶಿಲ್ಪರಚನೆ ಎರಡೂ ಒಬ್ಬನ ಸಂಕಲ್ಪದಲ್ಲಿ ಕೂಡಿದ ಸ್ಥಳವಿದು. ಗರ್ಭಗೃಹದ ಮೂರ್ತಿಯಲ್ಲಿ ಬಲಭಾಗವು ಹರನಾಗಿಯೂ ಎಡಭಾಗವು ಹರಿಯಾಗಿಯೂ ಒಂದೇ ವಿಗ್ರಹದಲ್ಲಿ ನಿಂತಿರುವಂತೆ, ಕಟ್ಟಿಸಿದವನಲ್ಲಿಯೂ ಎರಡು ವೃತ್ತಿಗಳು ನಿಂತಿದ್ದವು. ಆದರೆ ಆತನ ಕಾವ್ಯವು ಇಂದು ಹೆಸರಿನಿಂದ ಮಾತ್ರ ಉಳಿದಿದೆ. ಕಲ್ಲಿನ ಕೆಲಸವು ಇಡಿಯಾಗಿ ನಿಂತಿದೆ. ಗ್ರಂಥಗಳು ಬೆಂಕಿಯಿಂದಲೂ ನೀರಿನಿಂದಲೂ ಒತ್ತೆಯಿಟ್ಟುದರಿಂದಲೂ ನಾಶವಾಗುವುದರಿಂದ ಒಂದಕ್ಕಿಂತ ಹೆಚ್ಚು ಪ್ರತಿಗಳನ್ನು ಮಾಡಿಸಿಡಬೇಕೆಂದು ರಾಜಶೇಖರನು ಎಚ್ಚರಿಸಿದ್ದುದು ಇಲ್ಲಿ ನೆನಪಾಗದಿರದು.

ಈ ದೇವಾಲಯದ ಮಂಟಪವನ್ನು ಹೊಕ್ಕವರ ಕಣ್ಣನ್ನು ಮೊದಲು ಸೆಳೆಯುವುವು ಕಡಸಲು ಹಿಡಿದ ಕಂಬಗಳು. ಬಳಪದ ಕಲ್ಲಿನ ಬೋದನ್ನು ಅದರ ಅಕ್ಷದ ಮೇಲೆ ತಿರುಗಿಸುತ್ತ ಉಳಿಯನ್ನು ಹಿಡಿದು ಬಳೆಬಳೆಯಾಗಿ ತೆಗೆದ ಕೆಲಸವಿದು. ಕಡೆ ಎಂಬ ಕನ್ನಡ ಧಾತುವಿಗೆ ಮೊಸರನ್ನು ಮಥಿಸು ಎಂದೂ, ತಿರುಗಿಸಿ ರೂಪಗೊಳಿಸು ಎಂದೂ ಎರಡರ್ಥಗಳುಂಟು. ಕಡೆಗೋಲಿನ ಹಗ್ಗವು ಒಮ್ಮೆ ಬಲಕ್ಕೂ ಒಮ್ಮೆ ಎಡಕ್ಕೂ ಎಳೆಯಲ್ಪಡುವಂತೆ, ಹಿಂದಿನ ಕಾಲದ ಕಡಸಲಿನ ಹಗ್ಗವೂ ಎಳೆಯಲ್ಪಡುತ್ತಿತ್ತು. ಎರಡು ಕೆಲಸಗಳನ್ನೂ ಒಂದೇ ಮಾತಿನಿಂದ ಕರೆದವರು ಅವುಗಳ ಲಯದ ಸಾಮ್ಯವನ್ನು ಬಲ್ಲವರಾಗಿದ್ದರು. ತಿರುಗುವಿಕೆಯು ಕಂಬಕ್ಕೆ ಕೊಡುವುದು ದುಂಡನ್ನು ಮಾತ್ರ. ಎಲ್ಲಿ ಆಳವಾಗಬೇಕು, ಎಲ್ಲಿ ಉಬ್ಬಬೇಕು, ಯಾವ ಬಳೆ ಕತ್ತಿಯಂಚಿನಂತೆ ತೆಳುವಾಗಬೇಕು ಎಂಬುದನ್ನು ಚಕ್ರವು ಹೇಳುವುದಿಲ್ಲ. ಉಳಿ ಹಿಡಿದ ಕೈ ಹೇಳುತ್ತದೆ. ಒಂದೇ ಚಲನೆಯ ಸಾವಿರ ಆವೃತ್ತಿಗಳ ನಡುವೆ ಪ್ರತಿಯೊಂದು ಆವೃತ್ತಿಯಲ್ಲಿಯೂ ಒಂದು ನಿರ್ಣಯವಿದೆಯೆಂದಮೇಲೆ ಪುನರಾವೃತ್ತಿಯನ್ನು ಜಡವೆಂದು ಹೇಗೆ ಹೇಳೋಣ?

ಇನ್ನು ರಾಜಶೇಖರನ ನಾಲ್ಕು ಸಂಸ್ಕಾರಗಳನ್ನು ಕಲ್ಲಿಗೆ ಅನ್ವಯಿಸಿ ನೋಡೋಣ. ಹೆಚ್ಚಾದುದನ್ನು ತೆಗೆಯುವುದೊಂದೇ ಕಲ್ಲಿನಲ್ಲಿ ಸಾಧ್ಯ. ಕಡಮೆಯಾದುದನ್ನು ತುಂಬಲಾಗದು, ಸ್ಥಾನವನ್ನು ಬದಲಾಯಿಸಲಾಗದು, ಮರೆತುದನ್ನು ಆಮೇಲೆ ಸೇರಿಸಲಾಗದು. ಕವಿಗೆ ನಾಲ್ಕನೆಯ ಯಾಮದವರೆಗೆ ಅವಕಾಶವುಂಟು; ಶಿಲ್ಪಿಯು ಅದೇ ಏಟಿನಲ್ಲಿ ಆವೇಶವನ್ನೂ ವಿವೇಚನೆಯನ್ನೂ ಕೂಡಿಸಬೇಕು. ಆದಕಾರಣ ಉಳಿದ ಮೂರು ಸಂಸ್ಕಾರಗಳನ್ನು ಆತನು ಉಳಿಗಿಂತ ಮುಂಚೆಯೇ ಮುಗಿಸಿಕೊಳ್ಳುತ್ತಾನೆ: ಅಳತೆಯ ಸೂತ್ರವನ್ನು ಹಾಕುವಲ್ಲಿ, ರೇಖೆಯನ್ನು ಎಳೆಯುವಲ್ಲಿ, ಸ್ಥೂಲವಾಗಿ ಬಿಡಿಸಿ ನಿಲ್ಲಿಸುವಲ್ಲಿ. ಕಲ್ಯಾಣದ ಚಾಲುಕ್ಯ ಮೂರನೆಯ ಸೋಮೇಶ್ವರನು 1129ರ ಸುಮಾರಿಗೆ ರಚಿಸಿದ ಮಾನಸೋಲ್ಲಾಸದ ಚಿತ್ರಪ್ರಕರಣವೂ ಇದನ್ನೇ ಸಮರ್ಥಿಸುತ್ತದೆ. ಅಲ್ಲಿ ಭಿತ್ತಿಯನ್ನು ನಯಮಾಡುವ ಕ್ರಮ, ಎಮ್ಮೆಯ ಚರ್ಮವನ್ನು ಬೇಯಿಸಿ ಮಾಡುವ ವಜ್ರಲೇಪ, ಕರುವಿನ ಕಿವಿಯ ಕೂದಲಿನಿಂದ ಕಟ್ಟುವ ಕುಂಚ ಇವೆಲ್ಲ ಮೊದಲು ಬರುತ್ತವೆ. ಸಿದ್ಧತೆಯೇ ಕೆಲಸದ ಅರ್ಧವೆಂಬುದು ಚಿತ್ರಶಾಲೆಯ ನಿಯಮ.

ಇಲ್ಲಿ ಒಂದು ವಿಶೇಷವನ್ನು ವಾಚಕರು ಗಮನಿಸಬೇಕು. ಹೊಸದಾಗಿ ತೆಗೆದಾಗ ಮೃದುವಾಗಿದ್ದು ಗಾಳಿಬಿಸಿಲುಗಳಲ್ಲಿ ಗಟ್ಟಿಯಾಗುವ ಬಳಪದ ಕಲ್ಲಿನಿಂದಲೇ ಕಂಬವೂ, ಬರೆಯುವ ಬಳಪವೂ ಆದುವು. ಬಟ್ಟೆಗೆ ಹುಣಸೆಬೀಜದ ಸರಿಯನ್ನೂ ಇದ್ದಲಿನ ಪುಡಿಯನ್ನೂ ಬಳಿದು ಮಡಿಸಿದ ಕಡತದ ಮೇಲೆ ನಮ್ಮ ಹಿರಿಯರು ಆ ಬಳಪದಿಂದ ಬರೆಯುತ್ತಿದ್ದರು. ಅಳಿಸಿ ಮತ್ತೆ ಬರೆಯುತ್ತಿದ್ದರು. ಒಂದೇ ಕಲ್ಲು ಕಡತದಲ್ಲಿ ತಿದ್ದುವ ಸ್ವಾತಂತ್ರ್ಯವನ್ನು ಕೊಟ್ಟು, ಕಂಬದಲ್ಲಿ ಅದನ್ನು ಕಿತ್ತುಕೊಂಡಿತು. ಹರಿಹರದ ದೀರ್ಘವಾದ ಪದ್ಯಶಾಸನದಂತಹವು ಈ ಎರಡರ ನಡುವೆ ನಿಂತಿವೆ: ಅಳಿಸಬಹುದಾದ ಕಡೆ ಹುಟ್ಟಿ ಅಳಿಸಲಾಗದ ಕಡೆ ನೆಲಸಿದ ಕಾವ್ಯಗಳು ಅವು. ಶಾಸನಪದ್ಯಗಳಲ್ಲಿ ಕಾಣುವ ಬಿಗಿಗೆ ಇದೂ ಒಂದು ಕಾರಣವೆಂದು ನಾವು ಊಹಿಸುತ್ತೇವೆ.

ಕೈಗೆಲಸದವನು ತನ್ನನ್ನು ಮರೆತು ಸಂಪ್ರದಾಯದಲ್ಲಿ ಲೀನನಾದವನೆಂದು ಹೊಗಳುವವರೂ ಕೆಲವರಿದ್ದಾರೆ. ಇದು ಮೇಲೆ ಹೇಳಿದ ತೆಗಳಿಕೆಯ ಇನ್ನೊಂದು ಮುಖವೇ ಆಗಿದೆ. ಹೊಯ್ಸಳ ಶಿಲ್ಪಿಗಳು ಹೀಗೆ ಮರೆತವರಲ್ಲ. ಬೇಲೂರಿನಲ್ಲಿ ಬಳ್ಳಿಗಾವೆಯ ದಾಸೋಜನೂ ಆತನ ಮಗ ಚಾವಣನೂ ತಮ್ಮ ಹೆಸರುಗಳನ್ನು ಕೆತ್ತಿದ್ದಾರೆ. ಮಲ್ಲಿತಮ್ಮನ ಹೆಸರು 1196ರ ಅಮೃತಾಪುರದಿಂದ ಮೊದಲಾಗಿ 1258ರ ಸೋಮನಾಥಪುರದವರೆಗೆ ಕಾಣುತ್ತದೆ. ನುಗ್ಗೇಹಳ್ಳಿಯಲ್ಲಿ ಒಂದು ಪಕ್ಕದ ಮೂರ್ತಿಗಳು ಬೈಚೋಜನವು, ಇನ್ನೊಂದು ಪಕ್ಕದವು ಮಲ್ಲಿತಮ್ಮನವು. ಒಂದೇ ಪ್ರಮಾಣಶಾಸ್ತ್ರವನ್ನು ಅನುಸರಿಸಿದ ಎರಡು ಕೈಗಳ ಭೇದವನ್ನು ಅಲ್ಲಿ ಎದುರೆದುರಾಗಿ ಇಟ್ಟು ನೋಡಬಹುದು. ಕವಿಗಳಲ್ಲಿಯೂ ಕೈಯ ಅಭಿಮಾನವಿದ್ದವರುಂಟು. ತಾಳಗುಂದದ ಕದಂಬಶಾಸನದ ಕವಿಯಾದ ಕುಬ್ಜನು ತನ್ನ ಕಾವ್ಯವನ್ನು ಶಿಲೆಯ ಮೇಲೆ ತಾನೇ ಬರೆದೆನೆಂದು ಹೇಳಿಕೊಂಡಿದ್ದಾನೆ. ರಾಜಶೇಖರನ ಕವಿಗೆ ಬೇಕಾಗಿದ್ದ ಲೇಖಕನು ಕುಬ್ಜನಿಗೆ ಬೇಕಾಗಲಿಲ್ಲ.

ಇದಕ್ಕೆ ಪೂರ್ವಪಕ್ಷವೊಂದುಂಟು. ಕಲ್ಲು ಜಡವಸ್ತು, ಶಬ್ದವು ಚೇತನದ ವ್ಯಾಪಾರ. ಆದಿಕವಿಯ ಶೋಕವು ಅಭ್ಯಾಸವಿಲ್ಲದೆಯೇ ಶ್ಲೋಕವಾಯಿತಲ್ಲವೆ? ಹಾಗೆಯೇ ಕವಿರಾಜಮಾರ್ಗವು ಓದಿಲ್ಲದೆಯೂ ಕಾವ್ಯಪ್ರಯೋಗದಲ್ಲಿ ಪರಿಣತರಾದ ಕನ್ನಡಿಗರನ್ನು ಹೊಗಳಿಲ್ಲವೆ? ಎಂದು ಕೇಳಬಹುದು. ಸಮಾಧಾನವೇನೆಂದರೆ, ರಾಮಾಯಣದಲ್ಲಿ ಆ ಮಾತು ಹೊರಟೊಡನೆ ವಾಲ್ಮೀಕಿಯು ತಾನಾಡಿದುದೇನೆಂದು ಯೋಚಿಸುತ್ತಾನೆ; ಅದು ಪಾದಬದ್ಧವಾಗಿದೆ, ಅಕ್ಷರಗಳು ಸಮವಾಗಿವೆ, ತಂತಿಯ ಲಯಕ್ಕೆ ಹೊಂದುತ್ತದೆ ಎಂದು ಪರೀಕ್ಷಿಸುತ್ತಾನೆ. ಆವೇಶದ ಬೆನ್ನಿಗೇ ನಾಲ್ಕನೆಯ ಯಾಮವು ಬಂದಿತೆಂದರ್ಥ. ಒಂದು ಶ್ಲೋಕವು ಶೋಕದಿಂದ ಬಂದಿರಬಹುದು. 24,000 ಶ್ಲೋಕಗಳಿಗೆ ಆಸನವನ್ನು ಹಾಕಿ ಕುಳಿತುಕೊಳ್ಳಬೇಕಾಯಿತು. ಕುಶಲವರಿಗೆ ಹೇಳಿಕೊಟ್ಟು ಹಾಡಿಸಬೇಕಾಯಿತು. ಕವಿರಾಜಮಾರ್ಗಕಾರನೂ ಓದನ್ನು ಮಾತ್ರ ಬಿಟ್ಟನಲ್ಲದೆ ಪರಿಣತಿಯನ್ನು ಬಿಡಲಿಲ್ಲ. ಪುಸ್ತಕವಿಲ್ಲದೆ ಪರಿಣತಿಯು ಬರುವುದಾದರೆ ಅದು ಕಿವಿಬಾಯಿಗಳ ಅಭ್ಯಾಸದಿಂದಲ್ಲದೆ ಮತ್ತೆಲ್ಲಿಂದ ಬರಬೇಕು?

ಕೈಗೆಲಸವನ್ನು ಹೊಗಳುವಾಗ ಯಂತ್ರವನ್ನು ಹಳಿಯುವುದೂ ಒಂದು ವಾಡಿಕೆಯಾಗಿದೆ. ಈ ವಿಷಯದಲ್ಲಿಯೂ ನಮ್ಮ ಸೀಮೆ ಪಾಠವನ್ನು ಕಲಿಸಬಲ್ಲುದು. 1941ರಲ್ಲಿ ಹರಿಹರದಲ್ಲಿ ಸ್ಥಾಪಿತವಾದ ಮೈಸೂರು ಕಿರ್ಲೋಸ್ಕರ್ ಕಾರ್ಖಾನೆಯು ಬಹುಕಾಲ ತಯಾರಿಸಿದ್ದು ಲೇತ್ ಯಂತ್ರಗಳನ್ನು, ಎಂದರೆ ಕಡಸಲನ್ನೇ. ಪೋಲಾಳ್ವನ ಕಂಬಗಳು ತಿರುಗಿದ ಊರಿನಲ್ಲಿಯೇ ಏಳು ಶತಮಾನಗಳ ತರುವಾಯ ಕಬ್ಬಿಣವು ತಿರುಗಿತು. ಆಮೇಲೆ ಆ ಕಾರ್ಖಾನೆಯೂ ಮುಚ್ಚಿತು. ದಾವಣಗೆರೆಯಲ್ಲಿ ಕಂಬಳಿಯ ಮಗ್ಗಗಳಿದ್ದುವು; ಕಡತಕ್ಕೆ ಬಳಿಯುತ್ತಿದ್ದ ಹುಣಸೆಬೀಜದ ಸರಿಯನ್ನೇ ಉಣ್ಣೆಯ ಹಾಸಿಗೂ ಹಚ್ಚುತ್ತಿದ್ದರು. 20ನೆಯ ಶತಮಾನದಲ್ಲಿ ಹತ್ತಿಯ ಗಿರಣಿಗಳು ಎದ್ದು ಊರಿಗೆ ಕರ್ನಾಟಕದ ಮ್ಯಾಂಚೆಸ್ಟರ್ ಎಂಬ ಹೆಸರನ್ನು ತಂದುವು. ಅವುಗಳಲ್ಲಿಯೂ ಬಹುಪಾಲು ನಿಂತುಹೋದುವು. ಕೈ ಹೋಗಿ ಯಂತ್ರ ಬಂದಿತೆಂದು ಅಳುವವರು ಯಂತ್ರವೂ ಹೋಯಿತೆಂಬುದನ್ನು ನೋಡಬೇಕು. ಕಡಸಲೂ ತನ್ನ ಕಾಲಕ್ಕೆ ಯಂತ್ರವೇ. ವಿವೇಕವಿರುವುದು ಉಪಕರಣದ ಹಳಮೆಯಲ್ಲಲ್ಲ, ಅದನ್ನು ನಡಸುವವನಿಗೆ ನಿಂತು ನೋಡಲು ಅವಕಾಶವಿದೆಯೇ ಇಲ್ಲವೇ ಎಂಬುದರಲ್ಲಿ. ಲಾಳಿಯನ್ನು ಎಸೆದು ಹಣಿಗೆಯಿಂದ ಬಡಿಯುವ ಮೊದಲು ನೇಕಾರನು ಎಳೆಯನ್ನು ನೋಡಬಲ್ಲನು. ಆ ಒಂದು ಕ್ಷಣವೇ ಆತನ ನಾಲ್ಕನೆಯ ಯಾಮ. ಆ ಕ್ಷಣವನ್ನು ಕಳೆದುಕೊಂಡ ಅಭ್ಯಾಸವು ಮಾತ್ರ ಜಡವು, ಅದು ಕೈಯಿಂದಾದರೂ ಆಗಲಿ, ಯಂತ್ರದಿಂದಾದರೂ ಆಗಲಿ.

ಇದರಿಂದ ಸಾಹಿತ್ಯವನ್ನು ಬೋಧಿಸುವವರಿಗೆ ಆಗಬೇಕಾದ ಪ್ರಯೋಜನವೇನು? 1964ರಲ್ಲಿ ದಾವಣಗೆರೆಯಲ್ಲಿ ಸ್ಥಾಪಿತವಾಗಿ ಈಗ ವಿಶ್ವವಿದ್ಯಾನಿಲಯದ ಅಂಗವಾಗಿರುವ ಚಿತ್ರಕಲಾಶಾಲೆಯಂತಹ ಕಡೆಗಳಲ್ಲಿ ವಿದ್ಯಾರ್ಥಿಯು ಒಂದೇ ರೇಖೆಯನ್ನು ಮತ್ತೆ ಮತ್ತೆ ಎಳೆಯುವುದು ಶಿಕ್ಷೆಯೆಂದು ಯಾರೂ ತಿಳಿಯುವುದಿಲ್ಲ. ಸಾಹಿತ್ಯದ ತರಗತಿಯಲ್ಲಿಯಾದರೋ ಒಮ್ಮೆ ಬರೆದ ಪ್ರಬಂಧಕ್ಕೆ ಅಂಕವನ್ನು ಕೊಟ್ಟು ಮುಗಿಸುತ್ತೇವೆ. ತಿದ್ದಿ ಎರಡನೆಯ ಸಲ ಬರೆದುದನ್ನು ಓದುವವರು ವಿರಳ. ಎರಡನೆಯ ಯಾಮವನ್ನು ಕೊಟ್ಟು ನಾಲ್ಕನೆಯ ಯಾಮವನ್ನು ಕಿತ್ತುಕೊಂಡರೆ ವಿದ್ಯಾರ್ಥಿಯು ಆವೇಶವನ್ನೇ ಕಾವ್ಯವೆಂದು ಭ್ರಮಿಸುವನು. ಶಾಸನಗಳನ್ನು ಪಾಠಹೇಳುವಾಗಲೂ ಪದ್ಯಗಳನ್ನು ವ್ಯಾಖ್ಯಾನಿಸಿ, ಕೊನೆಯಲ್ಲಿ ಬರುವ ರೂವಾರಿಯ ಹೆಸರನ್ನು ಹೇಳದೆ ಬಿಡುತ್ತೇವೆ. ಆ ಅಕ್ಷರಗಳನ್ನು ನಮ್ಮವರೆಗೆ ತಂದುಕೊಟ್ಟವನು ಆತನೇ ಎಂಬುದನ್ನು ಮರೆಯುತ್ತೇವೆ.

ಮಮ್ಮಟನು ಅಭ್ಯಾಸಕ್ಕೆ ಕಾವ್ಯವನ್ನು ಬಲ್ಲವರ ಶಿಕ್ಷೆಯೆಂಬ ವಿಶೇಷಣವನ್ನು ಸೇರಿಸಿದ್ದಾನೆ. ಬಲ್ಲವನೊಬ್ಬನು ಪಕ್ಕದಲ್ಲಿ ನಿಂತು ಏಟಿಗೆ ಏಟನ್ನು ನೋಡುವ ಸ್ಥಳವೇ ಶಿಲ್ಪಶಾಲೆ. ಅಂತಹ ಸ್ಥಳವನ್ನು ಸಾಹಿತ್ಯದಲ್ಲಿಯೂ ಕಲ್ಪಿಸಿದರೆ ಮೂರು ಹೇತುಗಳು ಒಂದಾಗುವುವು; ಇಲ್ಲವಾದರೆ ಪ್ರತಿಭೆಯ ಸ್ತೋತ್ರವು ಮಾತ್ರ ನಮಗುಳಿಯುವುದು. ವಿದ್ವಾಂಸರು ಈ ವಿಷಯವನ್ನು ಪರ್ಯಾಲೋಚಿಸಬೇಕಾಗಿ ವಿಜ್ಞಾಪಿಸಿ ಲೇಖನವನ್ನು ಮುಗಿಸುತ್ತೇವೆ.